ನಸೀಮಾ ಬಿಟ್ಟುಹೋದ ಸೆರಗಿನ ಕಾರ್ಡು

ಬರ್ತ್‌ಡೇ ಇರಬೇಕು ಅಂದುಕೊಂಡೆ...

ಬೆಳಿಗ್ಗೆ ಸ್ಟಾಫ್ ಗ್ರೂಪಿನಲ್ಲಿ ನಸೀಮಾಳ ಫೋಟೋ.
ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು.
ನಾನೂ ವಿಶ್ ಟೈಪ್ ಮಾಡಲು ಹೊರಟಿದ್ದೆ...
ಆಮೇಲೆ ಮೇಲಿನ ಮೆಸೇಜ್ ಓದಿದೆ.
ಓದಿದರೂ ನಂಬಲಿಲ್ಲ. ಅವಳಿಗೇ ಫೋನ್ ಹಚ್ಚಿದೆ!
ಅವಳ ತಮ್ಮ ಎತ್ತಿದ. ಅವನ ದನಿ ಕೇಳಿ ಫೋನ್ ಇಟ್ಟುಬಿಟ್ಟೆ.

ನಮ್ಮ ಡ್ರಾಯಿಂಗ್ ಟೀಚರ್ ನಸೀಮಾ ಇನ್ನಿಲ್ಲ.
ಬೆಳಗಿನ ಜಾವ ಎದೆನೋವು ಅಂದಳಂತೆ... ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ.
ಏನು ವಯಸ್ಸಾಗಿತ್ತು ಅವಳಿಗೆ? ರಿಟೈರ್ ಆಗುವವಳು ನಾನು... ಹೋಗುವ ಪಾಳಿ ನನ್ನದಲ್ಲವೇ?

ಅವಳನ್ನು ಅರಿಯದವರಿಗೆ ಹೇಳುತ್ತೇನೆ.
ಬಾಗಲಕೋಟೆ ವಿದ್ಯಾಗಿರಿಯ ನಮ್ಮ ಸ್ಕೂಲಿನಲ್ಲಿ ನಾನು ಗಣಿತ, ಅವಳು ಚಿತ್ರಕಲೆ.
ಯಾರದೇ ಮದುವೆ, ಯಾರದೇ ಹಬ್ಬ ಇರಲಿ, ಇವಳ ಕೈಯಾರೆ ಮಾಡಿದ ಕಾರ್ಡು ಮೊದಲು ಬರುತ್ತಿತ್ತು.
ಇತ್ತೀಚೆಗೆ ಹತ್ತಿದ ಹುಚ್ಚು ಅಲ್ಕೋಹಾಲ್ ಇಂಕ್.
ಸ್ಪಿರಿಟ್‌ನಲ್ಲಿ ಕರಗಿದ ಬಣ್ಣ ಅದು. ನುಣುಪಾದ ಪ್ಲಾಸ್ಟಿಕ್ ಪೇಪರಿನ ಮೇಲೆ ಹನಿ ಬಿಟ್ಟು ಸ್ಟ್ರಾದಿಂದ ಊದಿದರೆ ತನಗೆ ಬೇಕಾದ ಕಡೆ ಓಡುತ್ತದೆ.

ಒಂದು ದಿನ ಬಾಟಲಿಗಳ ಚೀಲ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದಳು.
"ಅಲ್ಕೋಹಾಲ್ ಅಂತ ಹೆಸರು ಕೇಳಿದ ಕೂಡ್ಲೆ ಅಮ್ಮಿ ಹೊಸ್ತಿಲಾ ದಾಟಿಸಗೊಡವಲ್ಲಳ್ರಿ ಅಕ್ಕಾರ. ನಿಮ್ಮ ಮಾಳಗಿ ಮ್ಯಾಲೆ ಕುಂದರ್ಲೇನು?"
"ಅಲ್ಲವಾ, ದಿನಾ ಲಿಂಗಪೂಜಿ ಮಾಡೋ ಮನಿ ನಮ್ದು. ನಮ್ಮಲ್ಲೇನು ಶೆರೆ ಅಂಗಡಿ ಐತೇನು?"
"ಕುಡಿಯೂದಲ್ರಿ, ಊದೂದು!"
ಅಂದವಳೇ ಮೆಟ್ಟಿಲು ಹತ್ತಿಬಿಟ್ಟಳು.
ಅವತ್ತಿನಿಂದ ಪ್ರತಿ ಭಾನುವಾರ ನಮ್ಮ ಮಾಳಿಗೆ ಅವಳದೇ...

ನನ್ನ ಸೆಂಡ್‌ಆಫ್‌ಗೆ ಶಾಲು, ಹಾರ ಬೇಡ, ನಿನ್ನ ಕೈಯಿಂದ ಒಂದು ಕಾರ್ಡು ಕೊಡು ಸಾಕು ಅಂದಿದ್ದೆ.
ಮಾತಿಗೆ ಅಂದದ್ದು. ಅವಳು ಹಟ ಹಿಡಿದಳು.
ನಾನು ಸ್ಕೂಲಿಗೆ ಉಡುವ ಇಳಕಲ್ ಸೀರೆಯ ಸೆರಗೇ ಕಾರ್ಡಿನ ಮೇಲೆ ಬರಬೇಕಂತೆ!
ಆ ಕೆಂಪು... ಅದರ ಅಂಚಿಗೆ ಹಲ್ಲುಹಲ್ಲಾಗಿ ಮೂಡುವ ಬಿಳಿ ತೆನೆ...

ವಿಡಿಯೋದಲ್ಲಿ ಹೇಳುವವರು ಫ್ಯಾನ್ ಆಫ್ ಮಾಡಿ, ತಂಪು ಕೋಣೆಯಲ್ಲಿ ಮಾಡಿ ಅನ್ನುತ್ತಾರೆ.
ಅವರೇನು ಬಾಗಲಕೋಟೆ ಬೇಸಿಗೆ ಕಂಡಿದ್ದಾರೆಯೇ?
ಇಲ್ಲಿ ಹನಿ ಹರಡುವ ಮೊದಲೇ ಒಣಗಿ ಅಂಚು ಸೀಳುಸೀಳಾಗುತ್ತಿತ್ತು. ನಸುಕಿನ ತಂಪಿನಲ್ಲಿ ಮಾಡಿದರೆ ಕೆಂಪು ಹರಿದು ಗುಲಾಬಿಯಾಗುತ್ತಿತ್ತು.
ಎಷ್ಟು ಕಾರ್ಡು ಕೆಡಿಸಿದಳೋ...

ನಸೀಮಾ...
ಮೊನ್ನೆ ಭಾನುವಾರ ಸುಡು ಮಧ್ಯಾಹ್ನ ಪೇಪರ್ ಹಿಡಿದು ಬಿಸಿಲಿಗೇ ಹೋದೆಯಲ್ಲ.
ತಲೆ ಕೆಟ್ಟಿದೆಯೇನು ಅಂತ ಬೈಯುತ್ತಲೇ ನಾನು ಮಜ್ಜಿಗೆ ತಂದೆ.
ಊದುವ ಸ್ಟ್ರಾದಿಂದಲೇ ಕುಡಿಯಲು ಹೋಗಿ ಮತ್ತೊಮ್ಮೆ ಬೈಸಿಕೊಂಡೆ ನೀನು.
ಆಮೇಲೆ ಒಮ್ಮೆಲೇ ಕೂಗಿದೆ...
"ಅಕ್ಕಾರ, ಬರ್ರಿ ಇಲ್ಲೆ! ಇಷ್ಟ್ ದಿನ ಕೆಟ್ಟೈತಿ ಅಂತ ಒಗದ್ನೆಲ್ರಿ... ಇದು ಕೆಟ್ಟಿದ್ದಲ್ಲ, ತೆನಿ!"

ಖರೆ ಹೇಳಿದ್ದೆ ನೀನು.
ಕಾದ ಪೇಪರಿನ ಮೇಲೆ ಕೆಂಪು ಓಡಿ, ಓಡಿದಲ್ಲೇ ಒಣಗಿ, ನಡುನಡುವೆ ಬಿಳಿ ಹಲ್ಲು ಉಳಿದಿದ್ದವು.
ಯಾವ ಬಿಸಿಲಿಗೆ ದಿನಾ ಶಾಪ ಹಾಕುತ್ತಿದ್ದೆಯೋ, ಅದೇ ಬಿಸಿಲು ಸೆರಗು ನೇಯ್ದು ಕೊಟ್ಟಿತ್ತು.
ನಿನ್ನ ಮುಖದ ಆ ಖುಷಿ... ಒಂದು ಫೋಟೋ ಕೂಡ ತೆಗೆಯಲಿಲ್ಲ ನಾನು.

"ಕಾರ್ಡು ಇಲ್ಲೇ ಇರ್ಲಿ, ಬರೂ ಭಾನುವಾರ ಬಂದು ವಾರ್ನಿಷ್ ಹೊಡೀತೇನಿ. ಅಲ್ಲೀತನಕ ಸ್ಯಾನಿಟೈಸರ್ ಕೈಲೆ ಮುಟ್ಟಬ್ಯಾಡ್ರಿ, ಬಣ್ಣ ಮತ್ತ ಹರೀತೈತಿ. ನೀರಿಗೆ ಮಾತ್ರ ಏನೂ ಆಗಂಗಿಲ್ಲ."
"ನೀರು ಯಾಕ ಬೀಳತೈತಿ ಬಿಡು."
"ಸೆಂಡ್‌ಆಫ್‌ದಾಗ ನೀವು ಅಳೂದಿಲ್ಲೇನು? ಅದಕ್ಕ ಹೇಳಿದೆ..."

ಅಳಲು ಸೆಂಡ್‌ಆಫ್‌ವರೆಗೂ ಕಾಯಬೇಕಾಗಲಿಲ್ಲ ನೋಡು.

ಮಧ್ಯಾಹ್ನ ಗಂಡಸರೆಲ್ಲ ಕಬರಸ್ತಾನಕ್ಕೆ ಹೋದ ಮೇಲೆ ನಿಮ್ಮ ಮನೆಯ ಅಂಗಳದಲ್ಲಿ ನಿನ್ನ ಅಮ್ಮಿ ನನ್ನ ಕೈ ಹಿಡಿದು ಕೇಳಿದರು:
"ಆಕಿ ಕಡೀದು ಮಾಡಿದ್ದು ನಿಮ್ಮ ಮನ್ಯಾಗ ಐತಂತಲ್ರಿ... ಒಮ್ಮಿ ತೋರಸ್ರಿ."
ಮನೆಗೆ ಹೋಗಿ ತಂದು ಅವರ ಕೈಗಿಟ್ಟೆ.
ಇಳಕಲ್ಲಿನಲ್ಲಿ ಮಗ್ಗಗಳಿಗೆ ನೂಲು ಸುತ್ತಿ ಮಕ್ಕಳನ್ನು ಬೆಳೆಸಿದ ತಾಯಿ. ಅದು ಯಾವ ಸೆರಗು ಅಂತ ಯಾರೂ ಹೇಳಬೇಕಾಗಲಿಲ್ಲ.
"ಟೋಪ್ ತೆನಿ..." ಅಂದರು.
"ಇದನ್ನ ನನ್ನ ಮನಿಯೊಳಗ ತರಗೊಡಲಿಲ್ಲಲ್ರಿ ನಾ..."
ಅವರ ಕಣ್ಣೀರು ಟಪಟಪ ಕಾರ್ಡಿನ ಮೇಲೆ ಬಿತ್ತು.
ಗಾಬರಿಯಾಗಿ ಕೈ ದೂರ ಚಾಚಿದರು.
"ಖರಾಬ್ ಆತೇನ್ರಿ?"
"ಇಲ್ಲ ಅಮ್ಮಿ. ನೀರಿಗೆ ಏನೂ ಆಗಂಗಿಲ್ಲ ಅಂತ ಆಕೀನ ಹೇಳ್ಯಾಳ."
ಇಬ್ಬರೂ ಬಗ್ಗಿ ನೋಡಿದೆವು. ಕೆಂಪು ಕದಲಿರಲಿಲ್ಲ.

ಕಾರ್ಡನ್ನು ಅಲ್ಲೇ ಬಿಟ್ಟು ಬಂದೆ...
ಅಮ್ಮಿ ತಾವೇ ಹೊಸ್ತಿಲು ದಾಟಿಸಿ ಒಳಗೆ ಒಯ್ದರು.
ತಿಂಗಳ ಕೊನೆಗೆ ನನಗೆ ಶಾಲು ಹೊದಿಸುತ್ತಾರೆ. ಹೊದಿಸಿಕೊಳ್ಳುತ್ತೇನೆ.

ನನ್ನನ್ನು ಬೀಳ್ಕೊಡಬೇಕಾದವಳು ನೀನು...
ಬಿಸಿಲಿನಲ್ಲಿ ಕೂತದ್ದು ಸಾಕು ನಸೀಮಾ.
ತಂಪು ನೆರಳು ಸಿಗಲಿ ನಿನಗೆ.
ನಿನ್ನ ಜೀವ ನೆಮ್ಮದಿಯಾಗಿರಲಿ...