ಭಾಮಾ ಮಿಸ್ಸಿನ ಒಂದೇ ಕಡ್ಡಿ

ಬೇರೆ ಹೆಂಗಸರ ಕೈಚೀಲದಲ್ಲಿ ಪೌಡರ್ ಡಬ್ಬಿ ಇರುವ ಜಾಗದಲ್ಲಿ ಭಾಮಾ ಮಿಸ್ ತೆಂಗಿನ ನಾರಿನ ಉಂಡೆ ಇಟ್ಟುಕೊಂಡಿರುತ್ತಿದ್ದರು. ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ಸುತ್ತಿದ ಬೆಂಕಿಪೊಟ್ಟಣ, ಮಡಚುವ ಚಾಕು, ಒಣಗಿದ ಮರದ ಸಿಪ್ಪೆ. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೇಳಿದಾಗ ಅವರು ಚೀಲಕ್ಕೆ ಕೈ ಹಾಕಿ ಮೊದಲು ನಾರು, ಆಮೇಲೆ ಚಾಕು, ಆಮೇಲೆ ಬೆಂಕಿಪೊಟ್ಟಣ ತೆಗೆದು ತೊಡೆಯ ಮೇಲೆ ಜೋಡಿಸಿಕೊಂಡರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋದಳು. ಮಿಸ್ ಅದನ್ನು ಗಮನಿಸಲೂ ಇಲ್ಲ.

ಅಡ್ಯಾರಿನ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಪಿ.ಟಿ. ಟೀಚರ್. ಪೂರ್ತಿ ಹೆಸರು ಸತ್ಯಭಾಮಾ. ಮೂರು ತಲೆಮಾರಿನಿಂದ ತ್ರಿಪ್ಲಿಕೇನಿನಲ್ಲಿ ನೆಲೆನಿಂತ ಮಾಧ್ವರ ಮನೆಯ ಮಗಳು. ಮದುವೆ ಮಾಡಿಕೊಳ್ಳಲಿಲ್ಲ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು, ಕೋಪ ಬಂದರೆ ಮೂರೂ ಒಟ್ಟಿಗೆ. ನನ್ನಪ್ಪ ಇನ್ಶೂರೆನ್ಸ್ ಕೆಲಸಕ್ಕೆಂದು ಈ ಊರಿಗೆ ಬಂದವರು. ಇಡೀ ಶಾಲೆಯಲ್ಲಿ ಕನ್ನಡದವರೆಂದರೆ ಮಿಸ್ ಮತ್ತು ನಾನು. ನನಗೆ ಅರ್ಥವೇನೋ ಆಗುತ್ತಿತ್ತು, ಆದರೆ ಬಾಯಿ ಬಿಟ್ಟರೆ ತಮಿಳೇ ಬರುತ್ತಿತ್ತು. ಅವರು ಸುಮ್ಮನೆ ಬಿಡುತ್ತಿರಲಿಲ್ಲ.

“ಏನೇ ಸುಮಾ, ನಾನು ಕನ್ನಡದಲ್ಲಿ ಕೇಳಿದ್ರೆ ನೀನು ‘ತೆರಿಯಾದು ಮಿಸ್’ ಅಂತೀಯಲ್ಲ, ನಾನೇನು ನಿಂಗೆ ಬಸ್ ಕಂಡಕ್ಟರಾ? ಗೊತ್ತಿಲ್ಲ ಅನ್ನು. ಗೊತ್ತಿಲ್ಲ ಅನ್ನೋದನ್ನಾದ್ರೂ ಕನ್ನಡದಲ್ಲಿ ಕಲಿ!”

ಇವತ್ತು ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಆ ಬೈಗುಳದ ಪುಣ್ಯ.

ಪ್ರತಿ ವರ್ಷ ಅರೆವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಅವರು ನಮ್ಮನ್ನು ಊರಿನ ದಕ್ಷಿಣಕ್ಕೆ, ಸಮುದ್ರದ ದಂಡೆಯ ಸರ್ವೆ ತೋಪಿಗೆ ಕ್ಯಾಂಪ್ ಕರೆದುಕೊಂಡು ಹೋಗುತ್ತಿದ್ದರು. ಟೆಂಟ್ ಹಾಕುವುದು, ಗಂಟು ಕಟ್ಟುವುದು ಎಲ್ಲ ನೆಪಕ್ಕೆ. ಅವರ ಜೀವ ಇದ್ದದ್ದು ಬೆಂಕಿಯಲ್ಲಿ. ಬೇಗ ಬೆಳಕು ಬೇಕಾದರೆ ಪುಳ್ಳೆಗಳನ್ನು ಗುಡಾರದ ಹಾಗೆ ಒಂದಕ್ಕೊಂದು ಆನಿಸಿ ನಿಲ್ಲಿಸಬೇಕು. ಅಡುಗೆಗೆ ಕೆಂಡ ಬೇಕಾದರೆ ಕಟ್ಟಿಗೆಯನ್ನು ಅಡ್ಡಡ್ಡ ಪೇರಿಸಿ ಚೌಕ ಕಟ್ಟಬೇಕು. ಸಮುದ್ರದ ಗಾಳಿ ಜೋರಾಗಿದ್ದರೆ ಹಸಿ ಮರಳಿನಲ್ಲಿ ಎರಡು ಗುಂಡಿ ತೋಡಿ, ಕೆಳಗಿಂದ ಒಂದಕ್ಕೊಂದು ದಾರಿ ಮಾಡಿ, ಒಂದರಲ್ಲಿ ಬೆಂಕಿ, ಇನ್ನೊಂದರಲ್ಲಿ ಅದಕ್ಕೆ ಉಸಿರು. ಮಳೆ ಬಂದು ಎಲ್ಲ ತೊಯ್ದಿದ್ದರೆ ದಪ್ಪ ಕಟ್ಟಿಗೆ ಸೀಳಿ ಒಳಗಿನ ಒಣ ತಿರುಳು ಕೆತ್ತಿಕೊಳ್ಳಬೇಕು. ಮಧ್ಯಾಹ್ನದ ಬಿಸಿಲಿದ್ದರೆ ಭೂತಗನ್ನಡಿ ಸಾಕು, ನಾರು ಹೊಗೆಯಾಡುವ ತನಕ ಕೈ ಅಲುಗಬಾರದು. ಒಬ್ಬಳು ಮನೆಯಿಂದ ಕರ್ಪೂರ ತಂದಿದ್ದಳು. “ಅದು ದೇವರಿಗೆ ಇಟ್ಕೋ, ಇಲ್ಲಿ ಕೆಲಸ ಕಲಿ” ಎಂದು ಕಿತ್ತುಕೊಂಡರು.

ಒಬ್ಬೊಬ್ಬಳಿಗೆ ಒಂದೇ ಕಡ್ಡಿ. ಜೊತೆಗೆ ಗೀರುವುದಕ್ಕೆ ಪೊಟ್ಟಣದ ಪಕ್ಕದಿಂದ ಹರಿದ ಒಂದು ಚೂರು ಪಟ್ಟಿ. ಕಡ್ಡಿ ಆರಿಹೋದರೆ ಮಿಸ್ ಹತ್ತಿರ ಇನ್ನೊಂದು ಕೇಳುವ ಹಾಗಿಲ್ಲ, ಬೆಂಕಿ ಹತ್ತಿದವಳ ಒಲೆಗೆ ಹೋಗಿ ಕೇಳಬೇಕು. ಮೊದಲ ವರ್ಷ ನನ್ನ ಕಡ್ಡಿ ಗೀರಿದ ಕೂಡಲೇ ಆರಿತು. ನಾನು ಮುಖ ಊದಿಸಿಕೊಂಡು ಕೂತೆ. ಮಿಸ್ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

“ಯಾಕೆ ಕೂತಿದ್ದೀ? ಶಾಂತಿ ಒಲೆ ಉರೀತಿದೆಯಲ್ಲ, ಹೋಗಿ ಕೇಳು.”

“ನಾಚಿಕೆ ಆಗತ್ತೆ ಮಿಸ್” ಎಂದು ತಮಿಳಿನಲ್ಲೇ ಹೇಳಿದೆ.

“ಅಡಡಾ! ಬೆಂಕಿ ಹಚ್ಚೋದಕ್ಕೆ ಇಷ್ಟೆಲ್ಲ ದಾರಿ ಹೇಳಿಕೊಟ್ನಲ್ಲ, ಕೇಳಿ ತರೋದೂ ಒಂದು ದಾರೀನೇ. ನಮ್ಮಜ್ಜಿ ದಿನಾ ಪಕ್ಕದ್ಮನೇಲಿ ಕೆಂಡ ಕೇಳ್ತಿದ್ದಳು. ಏಳು, ಸೀಕ್ರಂ!”

ಶಾಂತಿ ನನ್ನ ತರಗತಿಯ ತಮಿಳು ಹುಡುಗಿ. ಅವಳು ಉರಿಯುವ ಕೊಳ್ಳಿ ಕೊಟ್ಟು ತನ್ನ ಒಲೆಯ ಕಡೆ ತಿರುಗಿದಳು. ಮಿಸ್ ಅವಳನ್ನೂ ಗದರಿಸಿದರು. ಕೊಟ್ಟರೆ ಮುಗಿಯಲಿಲ್ಲ, ಕೊಟ್ಟವಳು ಜೊತೆಗೆ ಹೋಗಬೇಕು, ಅಲ್ಲಿ ಹತ್ತಿಕೊಳ್ಳುವ ತನಕ ನಿಲ್ಲಬೇಕು. ಇದು ಅವರ ಕಾನೂನು. ಶಾಂತಿ ನನ್ನ ಜೊತೆ ಬಂದು ಮರಳಿನ ಮೇಲೆ ಹೊಟ್ಟೆ ಹಚ್ಚಿ ಮಲಗಿ ಊದಿದಳು. ಅವತ್ತಿನಿಂದ ನಾವು ಗೆಳತಿಯರು.

ಅವರ ಕೋಪ ನೋಡಬೇಕಾದರೆ ಸೀಮೆಎಣ್ಣೆ ತರಬೇಕಿತ್ತು. ಒಂದು ವರ್ಷ ಜೊತೆಗೆ ಬಂದಿದ್ದ ಒಬ್ಬ ಹುಡುಗಿಯ ಅಪ್ಪ, ನಾವು ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುವುದನ್ನು ನೋಡಲಾರದೆ, ಸ್ಕೂಟರಿನಿಂದ ಸೀಮೆಎಣ್ಣೆ ಬಾಟಲಿ ತಂದು ಒಲೆಗೆ ಸುರಿದ. ಭುಗ್ ಎಂದು ಹತ್ತಿತು. ಅನ್ನವೂ ಆಯಿತು. ಮಿಸ್ ಮೂಸಿ ನೋಡಿ ಇಡೀ ಪಾತ್ರೆಯನ್ನು ಮರಳಿಗೆ ಮಗುಚಿದರು. “ಇದು ಬೆಂಕಿ ಅಲ್ಲಾರೀ, ಆಕ್ಸಿಡೆಂಟು! ಪೊರುಮೆ, ತಾಳ್ಮೆ ಇಲ್ಲದೋರು ಹಚ್ಚೋದು ಇದು. ಇದರಲ್ಲಿ ಬೆಂದದ್ದನ್ನ ನನ್ನ ಮಕ್ಕಳು ತಿನ್ನಲ್ಲ.” ಅವತ್ತು ನಾವೆಲ್ಲ ನೀರಲ್ಲಿ ನೆನೆಸಿದ ಅವಲಕ್ಕಿ ತಿಂದೆವು. ಪಾಪ, ಆ ಮನುಷ್ಯ ಮೊಸರು ತರಿಸಿಕೊಟ್ಟ.

ಇಷ್ಟು ಗಟ್ಟಿ ಹೆಂಗಸು ತ್ರಿಪ್ಲಿಕೇನಿನ ಮನೆಯಲ್ಲಿ ಬೇರೆಯೇ ಆಗಿರುತ್ತಿದ್ದರು. ಅಲ್ಲಿ ಅವರು ಅಪ್ಪನ ಆರೈಕೆ ಮಾಡುವ ಮಗಳು, ತಮ್ಮನನ್ನು ಬೆಳೆಸಿದ ಅಕ್ಕ. ತಮ್ಮ ಗುರುರಾಜ ಬ್ಯಾಂಕಿನಲ್ಲಿದ್ದ. ಮಾಧವರಂನಲ್ಲಿ ಮನೆ ಮಾಡಿಕೊಂಡು, ಹಬ್ಬಕ್ಕೊಮ್ಮೆ ಸೇಬು ಹಿಡಿದು ಅತಿಥಿಯಂತೆ ಬರುತ್ತಿದ್ದ. ಪಾರ್ಶ್ವವಾಯು ಹೊಡೆದ ಅಪ್ಪನಿಗೆ ಊಟ ಮಾಡಿಸುವುದು, ಬಟ್ಟೆ ಬದಲಿಸುವುದು, ರಾತ್ರಿ ಮಗ್ಗುಲು ತಿರುಗಿಸುವುದು ಎಲ್ಲ ಇವರೇ. ಗುರುರಾಜ ಬಾಗಿಲಲ್ಲಿ ನಿಂತು “ಅಪ್ಪ ಪರವಾಗಿಲ್ವಾ ಅಕ್ಕಾ?” ಅನ್ನುತ್ತಿದ್ದ. ನನಗೆ ಅವನನ್ನು ಕಂಡರೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಮುಚ್ಚಿಟ್ಟು ಬರೆಯುವ ಸಂಭಾವಿತತನ ನನ್ನಲ್ಲಿಲ್ಲ.

ಮಿಸ್ಸಿನ ಅಪ್ಪ ತೀರಿಕೊಂಡ ಬೆಳಿಗ್ಗೆ ನಮ್ಮಮ್ಮನ ಜೊತೆ ನಾನೂ ಹೋಗಿದ್ದೆ. ಸ್ಮಶಾನಕ್ಕೆ ಮನೆಯಿಂದಲೇ ಮಡಕೆಯಲ್ಲಿ ಬೆಂಕಿ ಒಯ್ಯುವುದು ಪದ್ಧತಿ. ಹಿತ್ತಲಲ್ಲಿ ಗುರುರಾಜ ಅದನ್ನು ಮಾಡಲು ಹೋಗಿ ಹೊಗೆ ಎಬ್ಬಿಸಿ ಕೆಮ್ಮುತ್ತಾ ನಿಂತಿದ್ದ. ಮಿಸ್ ಅತ್ತ ಕಣ್ಣಲ್ಲೇ ಎದ್ದು ಬಂದು ಅವನನ್ನು ಪಕ್ಕಕ್ಕೆ ಸರಿಸಿದರು. ತೆಂಗಿನ ಚಿಪ್ಪು ಉರಿಸಿ ಕೆಂಡ ಮಾಡಿದರು. ಮಡಕೆಯ ತಳಕ್ಕೆ ಬೂದಿ ಹಾಸಿ, ಕೆಂಡ ಇಟ್ಟು, ಮೇಲೆ ತೆಳ್ಳಗೆ ಬೂದಿ ಉದುರಿಸಿ, ಬೆರಳು ಹೋಗುವಷ್ಟು ಸಂದು ಬಿಟ್ಟರು. “ಬಾಯಿ ಮುಚ್ಚಬೇಡ ಗುರು. ಮುಚ್ಚಿದ್ರೆ ಉಸಿರು ಕಟ್ಟಿ ಸತ್ತುಹೋಗತ್ತೆ” ಎಂದರು. ಅವನು ಮಡಕೆ ಹಿಡಿದು ಹೊರಟ. ಮಿಸ್ ಹಿಂದೆಯೇ ಚಪ್ಪಲಿ ಮೆಟ್ಟಿದಾಗ ಅವನು ತಿರುಗಿ ನೋಡಿ, “ನೀನು ಎಲ್ಲಿಗೆ ಅಕ್ಕಾ? ಹೆಂಗಸರು ಬರೋ ಪದ್ಧತಿ ಇಲ್ಲ ನಮ್ಮಲ್ಲಿ” ಎಂದ.

ಅವರು ಹೊಸ್ತಿಲ ಒಳಗೇ ನಿಂತರು. ಕೈಯೆಲ್ಲ ಬೂದಿ. “ಬಾಗಿಲ ತನಕ ನಂದು, ಆಮೇಲೆ ಅವಂದು. ಚೆನ್ನಾಗಿದೆಯಲ್ಲ ಸುಮಾ?” ಎಂದರು. ಅಮ್ಮ ಅವರ ಕೈ ತೊಳೆಸಿದಳು.

ವರ್ಷಾಬ್ದಿಕದ ದಿನ, ಎಲೆಯ ಮುಂದೆ ಕೂತ ನೆಂಟರೆಲ್ಲರ ಎದುರಿಗೆ, ಅವರು ಬಡಿಸುತ್ತಲೇ ತಮ್ಮನಿಗೆ ಹೇಳಿದರು. “ಗುರು, ಕೇಳಿಸ್ಕೋ. ನಾನು ಹೋದಾಗ ಕರೆಂಟಿನ ಒಲೆಗೆ ಹಾಕಬೇಡ, ಕಟ್ಟಿಗೆ ಬೇಕು. ಹಚ್ಚೋದು ನನ್ನ ಹುಡುಗೀರು. ಒಂದೇ ಕಡ್ಡೀಲಿ ಹಚ್ತಾರೆ, ನಾನು ಕಲಿಸಿದೀನಿ. ನೀನು ಮಂತ್ರ ಹೇಳು, ಬೇಡ ಅನ್ನಲ್ಲ.”

ಗುರುರಾಜನ ಬಾಯಿತುಂಬ ಪಾಯಸ. “ಆಗ್ಲಿ ಬಿಡಕ್ಕಾ, ಈಗ್ಯಾಕೆ ಆ ಮಾತು” ಎಂದ. ಆಗಲಿ ಎಂದ, ನಾನೇ ಕೇಳಿಸಿಕೊಂಡಿದ್ದೇನೆ. ಮಿಸ್ ಅವನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿದರು.

ನಿವೃತ್ತರಾದ ಮೇಲೆ ಅಡ್ಯಾರಿನಲ್ಲಿ ನಮ್ಮ ಬೀದಿಗೇ ಬಂದರು. ಕೂದಲು ಬೆಳ್ಳಗಾದ ನಾವು ಹಳೇ ಹುಡುಗಿಯರು ಅವರನ್ನು ಒಮ್ಮೆ ಅದೇ ಸರ್ವೆ ತೋಪಿಗೆ ಕರೆದುಕೊಂಡು ಹೋದೆವು. ತೋಪು ಎಲ್ಲಿದೆ? ಅಲ್ಲೊಂದು ರೆಸಾರ್ಟ್ ಎದ್ದಿತ್ತು. ‘ಕ್ಯಾಂಪ್‌ಫೈರ್’ ಎಂದು ಬೋರ್ಡ್ ಹಾಕಿ, ಸಿಮೆಂಟಿನ ಕಟ್ಟಿಗೆಗಳ ನಡುವೆ ಗ್ಯಾಸ್ ಪೈಪ್ ಇಟ್ಟಿದ್ದರು. ಯೂನಿಫಾರ್ಮ್ ಹಾಕಿದ ಹುಡುಗಿಯೊಬ್ಬಳು ತಿರುಪು ತಿರುಗಿಸಿದಳು, ನೀಲಿ ಉರಿ ಬಂತು. ಮಿಸ್ ಅದನ್ನು ಸುತ್ತಿ ಬಂದು ನೋಡಿ, “ಇದು ಗೀಸರ್ ಕಣೇ” ಎಂದರು. ನಾವು ಹೊಟ್ಟೆ ಹಿಡಿದು ನಕ್ಕೆವು.

ನಾನು ಅವರನ್ನು ಕೊನೆಗೆ ನೋಡಿದ್ದು ಆಸ್ಪತ್ರೆಯಲ್ಲಿ. ಮೂಗಿಗೆ ಆಕ್ಸಿಜನ್ ನಳಿಕೆ. “ಚೀಲದಲ್ಲಿ ಕಡ್ಡಿ ಇದ್ಯಾ? ಇಲ್ಲಿ ಗೀರಬೇಡಮ್ಮಾ, ಇಡೀ ವಾರ್ಡು ಹೋಗತ್ತೆ” ಎಂದು ನಕ್ಕರು. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡರು. “ಬಾಗಿಲ ತನಕ ಬಂದು ನಿಂತ್ಕೋಬೇಡ ಸುಮಾ. ಒಳಗೆ ಬಾ. ಶಾಂತೀನೂ ಕರ್ಕೊಂಡು ಬಾ.”

“ಬರ್ತೀನಿ ಮಿಸ್” ಎಂದೆ. ಕನ್ನಡದಲ್ಲೇ ಹೇಳಿದೆ.

ಮಿಸ್ ತೀರಿಕೊಂಡ ದಿನ ಗುರುರಾಜ ಬಂದ. ಎಲ್ಲ ಅವನ ಕೈಗೆ ಹೋಯಿತು. ಕಟ್ಟಿಗೆಗೆ ಒಪ್ಪಿದ, ಅದೂ ಪುರೋಹಿತರು ಹೇಳಿದರೆಂದು. ಅಕ್ಕ ಹೇಳಿದ್ದ ಇನ್ನೊಂದು ಮಾತನ್ನು ನಾನು ನೆನಪಿಸಿದಾಗ, “ಅವಳು ಏನೋ ತಮಾಷೆಗೆ ಅಂದಿದ್ದಳು ಬಿಡಿ” ಎಂದ. ಮಡಕೆಯ ಬೆಂಕಿಗೆ ಗ್ಯಾಸ್ ಒಲೆಯ ಮೇಲೆ ಚಿಪ್ಪಿನ ಚೂರು ಸುಟ್ಟು ಹಾಕಿದ. ಬೂದಿ ಎಲ್ಲಿಂದ ಬರಬೇಕು? ಎ.ಸಿ. ವ್ಯಾನಿನ ಡ್ರೈವರ್ ಹೊಗೆ ಆಗುತ್ತದೆ ಎಂದದ್ದಕ್ಕೆ ಮಡಕೆಯ ಬಾಯಿಗೆ ತಟ್ಟೆ ಮುಚ್ಚಿದ. ನಾನು ನೋಡಿದೆ. “ಮುಚ್ಚಬೇಡಿ, ಆರಿಹೋಗತ್ತೆ” ಎಂದು ಕೂಗಿ ಹೇಳಿದೆ. “ನಮಗೆ ಗೊತ್ತಿದೆ ರೀ” ಎಂದು ವ್ಯಾನಿನ ಬಾಗಿಲು ಎಳೆದುಕೊಂಡ.

ನಾವು ಹಳೇ ಹುಡುಗಿಯರು ಆಟೋಗಳಲ್ಲಿ ಹಿಂದೆ ಹೋದೆವು. ಸ್ಮಶಾನದ ಗೇಟಿನ ಕಾವಲುಗಾರ ನಮ್ಮನ್ನು ತಡೆಯಲಿಲ್ಲ, ಅದನ್ನು ಹೇಳಲೇಬೇಕು. “ಉಳ್ಳ ಪೋಂಗಮ್ಮಾ, ಇಪ್ಪೊಲ್ಲಾಂ ಲೇಡೀಸ್ ವರ್‍ರಾಂಗ” ಎಂದು ಅವನೇ ದಾರಿ ಬಿಟ್ಟ, ಈಗೆಲ್ಲ ಹೆಂಗಸರೂ ಬರುತ್ತಾರೆ ಎಂದ. ತಡೆದದ್ದು ಗುರುರಾಜ. ಎರಡೂ ಕೈ ಚಾಚಿ ಗೇಟಿನಲ್ಲಿ ನಿಂತು, “ದಯವಿಟ್ಟು ಇಲ್ಲೇ ಇರಿ. ನಾಳೆ ನಮ್ಮ ಜನ ನನ್ನನ್ನ ಕೇಳ್ತಾರೆ” ಎಂದ. ನನಗೆ ಮೈಯೆಲ್ಲ ಉರಿಯಿತು. ತಳ್ಳಿಕೊಂಡು ಹೋಗಿಬಿಡೋಣ ಎಂದೆ. ಶಾಂತಿ ತೋಳು ಹಿಡಿದಳು. “ವೇಣಾಂಡೀ ಸುಮಾ, ಮಿಸ್ ಅಲ್ಲಿ ಮಲಗಿದಾರೆ, ಅವರ ಮುಂದೆ ಜಗಳ ಬೇಡ” ಎಂದಳು. ನಾವು ಗೋಡೆಯ ಪಕ್ಕ ನಿಂತೆವು. ಗಾಳಿ ಬೀಸುತ್ತಿತ್ತು, ಮಳೆ ಹನಿಯತೊಡಗಿತ್ತು.

ಸ್ವಲ್ಪ ಹೊತ್ತಿಗೆ ಗುರುರಾಜನೇ ಗೇಟಿಗೆ ಬಂದ. ಒದ್ದೆ ಪಂಚೆ, ಮುಖದಲ್ಲಿ ಬೆವರು. ಮಡಕೆಯ ಬೆಂಕಿ ಆರಿತ್ತು. ಪುರೋಹಿತರ ಬೆಂಕಿಪೊಟ್ಟಣ ಮಳೆಹನಿಗೆ ತೊಯ್ದಿತ್ತು. ನಮ್ಮ ಯಾರ ಮುಖವನ್ನೂ ನೋಡದೆ, “ಯಾರ ಹತ್ರಾನಾದ್ರೂ ಮ್ಯಾಚ್‌ಬಾಕ್ಸ್ ಇದೆಯಾ?” ಎಂದು ಕೇಳಿದ.

ಅಷ್ಟೂ ಹೆಂಗಸರು ಒಟ್ಟಿಗೆ ಕೈಚೀಲಕ್ಕೆ ಕೈ ಹಾಕಿದರು. ಎಲ್ಲರ ಚೀಲದಲ್ಲೂ ಪ್ಲಾಸ್ಟಿಕ್ ಸುತ್ತಿದ ಪೊಟ್ಟಣ ಇತ್ತು. ನಾನು ಮುಂದೆ ಹೋದೆ.

“ಕೊಟ್ಟೋಳು ಜೊತೆಗೆ ಬರಬೇಕು, ಹತ್ತೋ ತನಕ ನಿಲ್ಲಬೇಕು. ಅದು ನಿಮ್ಮಕ್ಕನ ಕಾನೂನು. ನಾನು ಬರ್ತೀನಿ, ಶಾಂತಿ ಬರ್ತಾಳೆ. ಗಾಳಿ ಇದೆ, ನಿಮ್ಮ ಕೈಲಿ ಆಗಲ್ಲ.”

“ಸುಮಾ ಅವರೇ, ಇದು ಕ್ಯಾಂಪ್ ಅಲ್ಲ. ಬೆಂಕಿಪೊಟ್ಟಣ ಕೊಡಿ ಸಾಕು.”

ನಾನು ಒಂದು ಕಡ್ಡಿ ತೆಗೆದೆ. ಪೊಟ್ಟಣದ ಪಕ್ಕದಿಂದ ಪಟ್ಟಿ ಚೂರು ಹರಿದೆ. ಎರಡನ್ನೂ ಅವನ ಅಂಗೈಯಲ್ಲಿಟ್ಟೆ.

“ಒಂದೇನಾ?”

“ಎಲ್ಲರಿಗೂ ಒಂದೇ. ಆರಿಹೋದ್ರೆ ಬಂದು ಕೇಳಿ. ನಾವು ಇಲ್ಲೇ ಇರ್ತೀವಿ.”

ಅವನು ಮುಷ್ಟಿ ಮುಚ್ಚಿಕೊಂಡು ಒಳಗೆ ಹೋದ. ನಾವು ಸೆರಗು ಸಿಕ್ಕಿಸಿ ಸಿದ್ಧವಾಗಿ ನಿಂತೆವು. ಒಬ್ಬಳು ಚೀಲದಿಂದ ನಾರು ತೆಗೆದು ಬಿಡಿಸತೊಡಗಿದಳು. ಶಾಂತಿ ಚಪ್ಪಲಿ ಬಿಟ್ಟಳು. ಆ ಗಾಳಿಗೆ ಅವನ ಕಡ್ಡಿ ಉಳಿಯುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಬಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಅವನು ಬರಲಿಲ್ಲ. ಕಾವಲುಗಾರನ ಕೋಣೆಯಿಂದ ಯಾರೋ ಒಬ್ಬ ಕ್ಯಾನ್ ಹಿಡಿದು ಒಳಗೆ ಓಡಿದ್ದು ಕಂಡಿತು. ಭುಗ್ ಎಂದ ಸದ್ದು ಗೋಡೆಯಾಚೆಗೆ ಕೇಳಿಸಿತು. ಗಾಳಿ ನಮ್ಮ ಕಡೆ ತಿರುಗಿದಾಗ ಸೀಮೆಎಣ್ಣೆಯ ವಾಸನೆ ಬಂತು.