ಕೆರೆದ ಮೂರು ಸ್ವರ

ಹಾರ್ಮೋನಿಯಂಗೆ ನಮ್ಮ ಕಡೆ ಪೆಟಗಿ ಎನ್ನುತ್ತೇವೆ. ಅಪ್ಪನ ಪೆಟಗಿ ಮಾರುವಾಗ ಹೆದರಿದಷ್ಟು ನಾನು ನನ್ನ ಎರಡು ಹೆರಿಗೆಗಳಲ್ಲೂ ಹೆದರಿರಲಿಲ್ಲ.

ಅಪ್ಪ ನಮ್ಮೂರು ಕಳ್ಳಕವಟಗಿಯಲ್ಲಿ ಭಜನೆಗೆ, ಬಯಲಾಟಕ್ಕೆ ಅದನ್ನು ನುಡಿಸುತ್ತಿದ್ದ. ಕಾಲಿನಿಂದ ಗಾಳಿ ಒತ್ತುವ, ಜರ್ಮನ್ ಸ್ವರದ ಹಳೆಯ ಪೆಟಗಿ. ಸ್ವರ ಎಂದರೆ ಒಳಗಿರುವ ಹಿತ್ತಾಳೆ ಪಟ್ಟಿ. ಅದಕ್ಕೊಂದು ತೆಳ್ಳನೆಯ ನಾಲಿಗೆ. ಗಾಳಿ ತಾಕಿದರೆ ಅದುರಿ ನುಡಿಯುತ್ತದೆ. ಸ್ವರ ಇಳಿದಿದ್ದರೆ ನಾಲಿಗೆಯ ತುದಿ ಕೆರೆಯಬೇಕು, ಏರಿದ್ದರೆ ಬುಡ ಕೆರೆಯಬೇಕು. ಅಪ್ಪ ನಾಲಿಗೆಯ ಕೆಳಗೆ ಹಳೆಯ ಲಗ್ನಪತ್ರಿಕೆಯ ತುಂಡೊಂದನ್ನು ತೂರಿಸಿ, ಬ್ಲೇಡಿನಿಂದ ಒಂದೇ ಒಂದು ಸಲ ಕೆರೆದು, ನುಡಿಸಿ ಕೇಳುತ್ತಿದ್ದ. ಆಮೇಲೆ ಇನ್ನೊಂದು ಸಲ.

"ಕೆರದದ್ದು ತಿರುಗಿ ಅಂಟೂದಿಲ್ಲ ನೋಡವಾ. ಇದು ಕೈ ಕೆಲಸ ಅಲ್ಲ, ಕಿವಿ ಕೆಲಸ" ಎನ್ನುತ್ತಿದ್ದ. ಊರಿನ ಗಂಡು ಹುಡುಗರನ್ನೆಲ್ಲ ಬಿಟ್ಟು ನನಗೆ ಅದನ್ನು ಕಲಿಸಿದ, ನನ್ನ ಕಿವಿ ಚೊಲೊ ಅದೆ ಎಂದು.

ಅವನು ತೀರಿದ ಮೇಲೆ ಪೆಟಗಿ ವಿಜಯಪುರಕ್ಕೆ, ಜಲನಗರದ ನಮ್ಮ ಮನೆಗೆ ಬಂತು. ಓಣಿಯ ಹೆಣ್ಣುಮಕ್ಕಳಿಗೆ ಅದರ ಮೇಲೆಯೇ ಭಜನೆ ಕಲಿಸಿದೆ. ಈಗ ಮೊಣಕಾಲು ಗಾಳಿ ಒತ್ತಲು ಒಪ್ಪುವುದಿಲ್ಲ. ಮೂಲೆಯಲ್ಲಿ ಸುಮ್ಮನೆ ಕೂತು ಹುಳ ಹಿಡಿಯುವ ಬದಲು ನುಡಿಸುವವರ ಮನೆ ಸೇರಲಿ ಎಂದು ನಾಲ್ಕು ಜನರಿಗೆ ಹೇಳಿಟ್ಟೆ. ಬಬಲೇಶ್ವರದ ಒಬ್ಬ ಟೇಲರ್ ಫೋನ್ ಮಾಡಿದರು. ಬೇರೆಯವರೆಲ್ಲ ಮೊದಲು ಬೆಲೆ ಕೇಳಿದ್ದರು. ಈ ಟೇಲರ್ ಕೇಳಿದ್ದೇ ಬೇರೆ.

"ಸ್ವರ ಮೊದಲಿನವೇ ಏನ್ರಿ ಅಕ್ಕಾರ? ಯಾರೂ ಬದಲಿ ಮಾಡಿಲ್ಲಲ್ರಿ?"

ಅವರು ಸಾಬರು, ಊರಿನ ಸೋಮವಾರದ ಭಜನೆಗೆ ಪೆಟಗಿ ಮಾಸ್ತರರಂತೆ. ಮಾತಿನಲ್ಲೇ ನನಗೆ ಮನುಷ್ಯ ಹಿಡಿಸಿಬಿಟ್ಟರು. ಭಾನುವಾರ ಬನ್ನಿ ಎಂದೆ.

ಗಂಡನ ಮನೆಗೆ ಹೋಗುವ ಮಗಳಿಗೆ ಎಣ್ಣೆನೀರು ಹಾಕಿದಂತೆ ನಾನು ಪೆಟಗಿಯನ್ನು ಒರೆಸಿ, ಬಿಚ್ಚಿ, ನುಡಿಸಿ ನೋಡಿದೆ. ಮೇಲಿನ ತುದಿಯ ಮೂರು ಸ್ವರ ಮಂದವಾಗಿದ್ದವು, ಇಳಿದಂತೆಯೂ ಇದ್ದವು. ಲಗ್ನಪತ್ರಿಕೆಯ ತುಂಡು ತೂರಿಸಿ ತುದಿ ಕೆರೆದೆ. ಸಾಲಲಿಲ್ಲ, ಮತ್ತೆ ಕೆರೆದೆ. ಅಪ್ಪನಿಗಿಂತ ಹೆಚ್ಚೇ ಕೆರೆದೆನೇನೋ.

ಅದಾಗಿ ಎರಡು ದಿನಕ್ಕೆ ಕುಕ್ಕರ್ ಏಳು ಸಲ ಕೂಗಿದೆ, ನಾನು ಪಕ್ಕದಲ್ಲೇ ನಿಂತು ಸೊಪ್ಪು ಸೋಸುತ್ತಿದ್ದೇನೆ. ನಮ್ಮ ಮನೆಯವರು ಓಡಿ ಬಂದು ಗ್ಯಾಸ್ ಆರಿಸಿ, ನನ್ನ ಮುಖ ನೋಡಿ, ಅಂದೇ ಸಂಜೆ ದವಾಖಾನೆಗೆ ಕರೆದೊಯ್ದರು. ಡಾಕ್ಟರು ಕಿವಿಗೆ ಯಂತ್ರ ಹಚ್ಚಿ ನೋಡಿದರು.

"ಗಾಬರಿ ಆಗಬ್ಯಾಡ್ರಿ. ವಯಸ್ಸಾದ ಮ್ಯಾಲೆ ಮೊದಲ ಎತ್ತರದ ಧ್ವನಿ ಹೋಗ್ತಾವ. ದಪ್ಪ ಧ್ವನಿ ಕೇಳಸ್ತಾವ."

ಮನೆಗೆ ಬರುವ ಆಟೋದಲ್ಲಿ ನನಗೆ ಆ ಮೂರು ಸ್ವರ ನೆನಪಾದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಂದವಾಗಿದ್ದುದು ನನ್ನ ಕಿವಿ. ನಾನು ಬ್ಲೇಡು ಹಿಡಿದದ್ದು ಅಪ್ಪನ ಸ್ವರಕ್ಕೆ.

ಆಮೇಲಿನ ಮೂರು ದಿನ ಎಷ್ಟು ಸಲ ಆ ಮೂರನ್ನು ಒತ್ತಿ ಕೇಳಿದೆನೋ ಲೆಕ್ಕವಿಲ್ಲ. ಏನೂ ತಿಳಿಯುತ್ತಿರಲಿಲ್ಲ. ಕೆಟ್ಟಿವೆ ಎಂದು ಗೊತ್ತಾಗಿದ್ದರೆ ಅತ್ತು ಸುಮ್ಮನಾಗಬಹುದಿತ್ತು. ಗೊತ್ತಾಗದಿರುವುದೇ ಹೆದರಿಕೆ. ಮನೆಯವರನ್ನು ಕೂರಿಸಿ ಕೇಳಿಸಿದೆ.

"ನನಗ ಎಲ್ಲಾ ಒಂದ ನಮೂನಿ ಅನಸ್ತಾವ. ನಲವತ್ತು ವರ್ಷದಿಂದ ಹಂಗ ಅನಸ್ತಾವ" ಎಂದರು. ಇಷ್ಟು ವರ್ಷ ತಲೆದೂಗಿದ್ದು ಬರೀ ಚಹಾದ ಆಸೆಗೆ ಎಂದು ಅವತ್ತು ತಿಳಿಯಿತು.

ಭಾನುವಾರ ಮಾಸ್ತರರು ಬಂದರು. ನಲವತ್ತೈದರ ಆಸುಪಾಸು, ಕೊರಳಲ್ಲಿ ಅಳತೆಯ ಪಟ್ಟಿ ಹಾಗೇ ಇತ್ತು. ಕೈ ತೊಳೆದುಕೊಂಡು ಬಂದು, ಮೊದಲು ಪೆಟಗಿಯ ಹಿಂದೆ ಬಗ್ಗಿ, ಗಾಳಿಚೀಲಕ್ಕೆ ಅಪ್ಪ ಹಚ್ಚಿದ್ದ ತೊಗಲಿನ ತೇಪೆಯನ್ನು ಬೆರಳಿನಿಂದ ಸವರಿದರು.

"ಯಾರು ಹಚ್ಚ್ಯಾರ್ರಿ ಇದನ್ನ? ಇಷ್ಟು ನಯ ತ್ಯಾಪಿ ನಾ ನೋಡಿಲ್ರಿ."

ಬೇರೆ ದಿನವಾಗಿದ್ದರೆ ಅಪ್ಪನ ಕಥೆ ಮುಗಿಯುವವರೆಗೆ ಅವರನ್ನು ಬಿಡುತ್ತಿರಲಿಲ್ಲ. ಈಗ ಅಪ್ಪ ಎಂದಷ್ಟೇ ಹೇಳಿದೆ. ಅವರು ಕೆಳಗಿನ ಸ್ವರಗಳಿಂದ ನಿಧಾನವಾಗಿ ಮೇಲಕ್ಕೆ ಬಂದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮೇಲಿನ ತುದಿಯಲ್ಲಿ ಅವರ ಹಣೆ ಗಂಟಿಕ್ಕಿತು. ಮತ್ತೆ ಅದೇ ಮೂರನ್ನು ಒತ್ತಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವರು ಕೇಳುವ ಮೊದಲೇ ನಾನು ಹೇಳಿಬಿಟ್ಟೆ.

"ನಾನ ಕೆರದೀನ್ರಿ ಮಾಸ್ತರ. ಕಣ್ಣು ಮಂಜ ಆಗ್ಯಾವ, ಕೈ ಜಾರಿತು."

ಅರ್ಧ ನಿಜ. ಕಿವಿಯ ಮಾತು ನಾಲಿಗೆಗೆ ಬರಲಿಲ್ಲ. ಕಿವಿಯೂ ಹೋಯಿತೆಂದರೆ ಅಪ್ಪನ ಮಗಳು ಎನ್ನಲು ನನ್ನಲ್ಲಿ ಇನ್ನೇನು ಉಳಿಯುತ್ತದೆ?

"ಏರ್ಯಾವ್ರಿ" ಎಂದರು ಅವರು. "ಬುಡಾ ಕೆರದ್ರ ಇಳೀತಾವ. ಆದ್ರ ನಾಲಿಗಿ ಮೊದಲ ತೆಳ್ಳಗ ಆಗ್ಯಾವ. ಉಳದ್ರ ಉಳೀತಾವ, ಇಲ್ಲಾಂದ್ರ ಮುರೀತಾವ."

"ಹಂಗಾರ ಬ್ಯಾಡ ಬಿಡ್ರಿ."

"ಬ್ಯಾಡ ಯಾಕ್ರಿ? ಉಳದವೆಲ್ಲಾ ಬಂಗಾರದಂಥಾ ಸ್ವರ ಅದಾವ. ಒಯ್ತೀನ್ರಿ."

ಮಾತಾಡಿದ ಬೆಲೆಯಲ್ಲಿ ಒಂದು ರೂಪಾಯಿಯನ್ನೂ ಇಳಿಸಲಿಲ್ಲ. ಅಪ್ಪನ ಕೌದಿಯಲ್ಲಿ ಪೆಟಗಿಯನ್ನು ಸುತ್ತಿ ಕೊಟ್ಟೆ. ಅವರು ತಂದಿದ್ದ ಜೀಪು ತಿರುವು ದಾಟುವವರೆಗೆ ನೋಡಿದೆ. ಆಮೇಲಿನ ಎಂಟು ದಿನ ಫೋನ್ ನಡುಗಿದಾಗಲೆಲ್ಲ, ನಾಲಿಗೆ ಮುರಿಯಿತು ಎನ್ನುತ್ತಾರೆ ಎಂದೇ ನಾನೂ ನಡುಗಿದೆ.

ಒಂಬತ್ತನೆಯ ದಿನ ಮಧ್ಯಾಹ್ನ ಫೋನ್ ಬಂತು.

"ಮೂರೂ ಉಳದಾವ್ರಿ ಅಕ್ಕಾರ. ನುಡಸ್ತೀನಿ, ಕೇಳ್ರಿ. ನೀವು ಹೂಂ ಅಂದ್ರ ಮುಚ್ಚಳ ಹಾಕಿಬಿಡ್ತೀನಿ."

ಫೋನಿನಲ್ಲಿ ಅಂಗಡಿಯ ಹೊಲಿಗೆ ಯಂತ್ರ ಕೇಳಿಸಿತು. ಸಂತೆಯ ಗದ್ದಲ ಕೇಳಿಸಿತು. ಸ್ವರ ಕೇಳಿಸಲಿಲ್ಲ. ಹೂಂ ಎನ್ನುವುದು ಎಷ್ಟು ಸುಲಭವಿತ್ತು. ಆದರೆ ನನ್ನ ಮಾತು ನಂಬಿ ಅವರು ತಪ್ಪು ಸ್ವರದ ಮೇಲೆ ಮುಚ್ಚಳ ಹಾಕಿಬಿಟ್ಟರೆ?

"ಮಾಸ್ತರ, ಅವತ್ತು ಕೈ ಜಾರಿದ್ದಲ್ರಿ. ನನಗ ಆ ಮೂರೂ ಕೇಳಸೂದಿಲ್ಲ."



"ಗೊತ್ತೈತ್ರಿ. ನಾ ನುಡಸೂವಾಗ ನೀವು ಕಿವಿ ಕೊಡಲಿಲ್ಲ, ನನ್ನ ಮಾರಿ ನೋಡಾಕತ್ತಿದ್ರಿ."

"ಮತ್ತ ನನ್ನನ್ಯಾಕ ಕೇಳ್ತೀರಿ?"

"ನಿಮ್ಮ ಪೆಟಗಿರಿ ಅಕ್ಕಾರ. ಬ್ಯಾರೆ ಯಾರನ್ನ ಕೇಳ್ಲಿ?"

ಮತ್ತೆ ಗಾಳಿ ಒತ್ತಿದ ಸದ್ದು. ಈ ಸಲ ಅವರು ಅದೇ ಮೂರನ್ನು ಕೆಳಗಿನ ಸಪ್ತಕದಲ್ಲಿ, ಒಂದೊಂದಾಗಿ, ತಡೆದು ತಡೆದು ನುಡಿಸಿದರು. ಇವು ನನಗೆ ಕೇಳಿಸಿದವು. ಅಪ್ಪ ಕೈ ಹಚ್ಚಿದ್ದ ಸ್ವರ, ನಾನು ಮುಟ್ಟದೆ ಬಿಟ್ಟಿದ್ದ ಸ್ವರ.

"ಮ್ಯಾಲಿನವೂ ಹಿಂಗ ಅದಾವ್ರಿ" ಎಂದರು.

ಹೂಂ ಎಂದೆ. ಬಬಲೇಶ್ವರದಲ್ಲಿ ಮುಚ್ಚಳ ಹಾಕಿದ ಸದ್ದು ನನಗೆ ಕೇಳಿಸಿತು.