ಬೊಂಬಾಯಿ ಬಜಾರಿನಲ್ಲಿ ಬಾಣಂತಿ ಕೊಬ್ಬರಿ

ಗೆಳೆಯರೇ, ದೆಹಲಿ ರೈಲು ಸಂಜೆಗೆ. ಲಾಡ್ಜಿನ ಖರ್ಚೇಕೆಂದು ಇವತ್ತು ಬೆಳಗಿನಿಂದ ಬೊಂಬಾಯಿಯನ್ನು ಕಾಲಲ್ಲೇ ಸುತ್ತಿದೆ. ಸಮುದ್ರ ನೋಡಿದೆ. ದಡದ ತೆಂಗಿನ ಮರ ಒಂದೂ ಲಾಯಕ್ಕಿಲ್ಲ. ಹೆಗಲಲ್ಲಿ ದೆಹಲಿಯಲ್ಲಿರುವ ಬಾಣಂತಿ ಮಗಳ ಅಂಟಿನುಂಡೆಗೆಂದು ಹೊತ್ತ ಕೊಬ್ಬರಿ ಚೀಲ. ನನ್ನವಳು ಇದ್ದಿದ್ದರೆ ಉಂಡೆಯನ್ನೇ ಕಟ್ಟಿ ಒಯ್ಯುತ್ತಿದ್ದಳು.

ಬಜಾರಿನಲ್ಲಿ ಒಬ್ಬ ಅಂಗಡಿಯವನು ಚೀಲಕ್ಕೇ ಕೈಹಾಕಿ ಕೊಬ್ಬರಿ ಮೂಸಿದ. "ತಿಪಟೂರ್ ಮಾಲು! ಯಜಮಾನ್ರೇ, ಎಷ್ಟಕ್ಕೆ ಕೊಡ್ತೀರಿ?" ನಮ್ಮೂರ ಕೊಬ್ಬರಿ ಹರಾಜಿಗೆ ಆಗಾಗ ಬರುತ್ತಾನಂತೆ, ಹಾಗಾಗಿ ಅಷ್ಟು ಕನ್ನಡ ಬರುತ್ತಿತ್ತು. ಗಾಬರಿಯಲ್ಲಿ ನನ್ನ ಬಾಯಿಗೆ ಮಾತ್ರ ಕಾಲೇಜಿನ ಇಂಗ್ಲಿಷ್ ಬಂತು: "ನೋ ಸೇಲ್! ಮೈ ಡಾಟರ್ ಈಸ್ ನ್ಯೂ ಮದರ್!" ಅವನೂ ಚೀಲ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಅವನ ವಯಸ್ಸಾದ ತಾಯಿ ಒಳಗಿಂದ ಬಂದು ಮಗನನ್ನು ಗದರಿದರು. ವಿಷಯ ತಿಳಿದು, ಚೀಲದೊಳಗೆ ಇಣುಕಿ ಏನೋ ಕೇಳಿದರು.

"ಅಂಟೆಲ್ಲಿ ಅಂತಾರೆ ಅಮ್ಮ," ಎಂದ ಮಗ.

"ಅಯ್ಯೋ ಶಿವನೇ, ಅದನ್ನೇ ಮರ್ತ್ನಲ್ಲವ್ವಾ!"

ಅಜ್ಜಿ ನಕ್ಕು ಅಂಟಿನ ಪೊಟ್ಟಣ ಕಟ್ಟಿಕೊಟ್ಟು, ತುಪ್ಪದಲ್ಲಿ ಹುರಿಯುವುದನ್ನು ಕೈಸನ್ನೆಯಲ್ಲೇ ತೋರಿಸಿದರು. ನಾನು ಅವರ ಸೆರಗಿಗೆ ಎರಡು ಕೊಬ್ಬರಿ ಹಾಕಿದೆ. ಈ ಸಲ ಉಂಡೆ ನಾನೇ ಕಟ್ಟುತ್ತೇನೆ.

ಆ ಮಗ ಹರಾಜಿಗೆ ಬಂದರೆ ಬೆಲೆ ಬಿಟ್ಟುಕೊಡಬೇಡಿ. ಮೊದಲು ಅವನಮ್ಮನ ಆರೋಗ್ಯ ವಿಚಾರಿಸಿ, ಆಮೇಲೆ ಒಂಚೂರು ಇಳಿಸಿ.